ಇಲಿಗೆ ಗುರುತಿರುವ ಕೈ

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ನಾನು ಕೆಲಸ ಮಾಡುವ ಸಂಸ್ಥೆಯಲ್ಲಿ ಪ್ರಾಣಿಗಳ ವರ್ತನೆ ಅಭ್ಯಾಸ ಮಾಡಲು ಎಲ್ಲ ವಿಭಾಗಗಳಿಗೂ ಸೇರಿ ಒಂದೇ ಪ್ರಯೋಗಾಲಯ. ಔಷಧದವರಿರಲಿ, ನರರೋಗದವರಿರಲಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿ ಪಾಳಿ ಹಚ್ಚಬೇಕು.

ನಾನು ಓದಿದ ಕಡೆ ವಿಭಾಗಕ್ಕೊಂದು ಬೀಗ ಇತ್ತು. ನಮ್ಮ ಗೈಡ್ ತರಿಸಿದ ನೀರಿನ ತೊಟ್ಟಿ ಪ್ರಾಜೆಕ್ಟ್ ಮುಗಿದದ್ದೇ ಮೂಲೆ ಸೇರಿತು. ಅದರ ತುಂಬ ಹಳೆಯ ಉತ್ತರಪತ್ರಿಕೆ. ಅದೇ ವರ್ಷ ಪಕ್ಕದ ಕಟ್ಟಡದವರು ಅಂಥದ್ದೇ ಇನ್ನೊಂದು ತರಿಸಿದರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ನರವಿಜ್ಞಾನಿ ರಿಚರ್ಡ್ ಮಾರಿಸ್ 1981ರಲ್ಲಿ ಪ್ರಕಟಿಸಿದ ನೆನಪಿನ ಪರೀಕ್ಷೆಯ ತೊಟ್ಟಿ ಅದು. ಕದಡಿದ ನೀರಿನಡಿ ಕಾಣದಂತೆ ಒಂದು ಕಟ್ಟೆ. ಇಲಿ ಈಜುತ್ತ ಸುತ್ತಲಿನ ಗುರುತು ನೋಡಿ ಅದನ್ನು ಹುಡುಕುತ್ತದೆ. ಯಾರಾದರೂ ಗೋಡೆಯ ಚಿತ್ರ ಸರಿಸಿದರೆ ಅದು ನಿನ್ನೆ ಕಲಿತದ್ದೆಲ್ಲ ಹೋಯಿತು. ನಮ್ಮಲ್ಲಿ ಇದನ್ನೆಲ್ಲ ಕಾಯುವವರು ಒಬ್ಬ ಕಾಕಾ. ಇಲಿಯ ಬಾಲ ಹಿಡಿದೆತ್ತಲು ಯಾರಿಗೂ ಬಿಡುವುದಿಲ್ಲ. ಬೊಗಸೆಯೊಡ್ಡಿ, ಮೆಲ್ಲಗೆ ಅದರೊಳಗೆ ತೆಗೆದುಕೊಳ್ಳಬೇಕು. ಹಾಗೆ ಎತ್ತಿದರೆ ಇಲಿಯ ಗಾಬರಿ ಕಡಿಮೆ ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2010ರಲ್ಲೇ ತೋರಿಸಿದ್ದಾರೆ. ಮೊನ್ನೆ ಬಾಗಲಕೋಟೆಯ ಹುಡುಗಿಯೊಬ್ಬಳು ಗಡಿಬಿಡಿ ಮಾಡಿದಾಗ ಕಾಕಾ ಮರಾಠಿಯಲ್ಲಿ, “ಸಾವಕಾಶ, ಬಾಳಾ” (ನಿಧಾನ, ಮಗು) ಎಂದರು. ಸಾವಕಾಶ ನಮ್ಮ ಕಡೆಯ ಮಾತೂ ಹೌದಲ್ಲ, ಅವಳಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

1999ರಲ್ಲಿ ಜಾನ್ ಕ್ರ್ಯಾಬ್ ಮತ್ತು ಸಂಗಡಿಗರು ಅಮೆರಿಕ, ಕೆನಡಾದ ಮೂರು ಪ್ರಯೋಗಾಲಯಗಳಲ್ಲಿ ಅವೇ ತಳಿಯ ಇಲಿ, ಅದೇ ಉಪಕರಣ, ಅದೇ ಕ್ರಮ ಇಟ್ಟು ನೋಡಿದರು. ಆದರೂ ಕೆಲವು ಪರೀಕ್ಷೆಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಬಂತು. ಅಷ್ಟು ಜೋಪಾನ ಮಾಡಿದವರಿಗೇ ಹೀಗಾದರೆ, ಒಂದೇ ಕ್ಯಾಂಪಸ್ಸಿನ ಐದು ಕೋಣೆಗಳಲ್ಲಿ ಐದು ಜನ ಪಳಗದ ಕೈಯಿಂದ ತೆಗೆದ ಅಂಕಿಗಳನ್ನು ಹೋಲಿಸುವುದು ಹೇಗೆ? ಕೆಟ್ಟ ಪ್ರಯೋಗ ಮತ್ತೆ ಮಾಡಬೇಕು; ಮತ್ತಷ್ಟು ಜೀವ ಹೋಗುತ್ತವೆ. ನನಗೆ ಅದೇ ದೊಡ್ಡ ಮಾತು.

ಪಾಳಿಯ ಕಷ್ಟ ಇಲ್ಲದಿಲ್ಲ. ಕಾಯುವಷ್ಟರಲ್ಲಿ ಇಲಿಗಳ ವಯಸ್ಸು ಮೀರಿ ಒಂದು ತಂಡ ಪೂರ್ತಿ ಕೈಬಿಟ್ಟದ್ದನ್ನು ನೋಡಿದ್ದೇನೆ. ಆದರೂ ನನ್ನ ಮತ ಕೂಡು ಪ್ರಯೋಗಾಲಯಕ್ಕೇ.

ಧಾರವಾಡವನ್ನೇ ನೋಡಿ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಶುರುವಾದ ಐಐಟಿ, ಎಲ್ಲ ಒಂದೇ ಊರಲ್ಲಿವೆ. ಮೂವರೂ ಕೂಡಿ ಒಂದು ಕಟ್ಟಬಹುದು. ಕಟ್ಟುವುದಾದರೆ ಯಂತ್ರಗಳ ಪಟ್ಟಿಗಿಂತ ಮೊದಲು ಕಾಕಾನಂಥವರಿಗೆ ಒಂದು ಕಾಯಂ ಹುದ್ದೆ ಬರೆದಿಡಿ. ಇಲ್ಲಿ ನಾವು ಅದನ್ನು ಮಾಡಿಲ್ಲ. ಅವರ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ.