ಗದ್ದಲದಲ್ಲೂ ‘ಹೌದು’ ಕೇಳಿಸಿಕೊಳ್ಳುವ ಕಿವಿಗಳು

‘ಗದ್ದಲದ ನಡುವೆ ಮಸೂದೆಗೆ ಅಂಗೀಕಾರ’ ಎಂಬ ಶೀರ್ಷಿಕೆಯನ್ನು ಪತ್ರಿಕೆಗಳವರು ಶಾಶ್ವತವಾಗಿ ಜೋಡಿಸಿಟ್ಟುಕೊಂಡಂತಿದೆ. ಅಧಿವೇಶನ ಬಂದಾಗ ಮಸೂದೆಯ ಹೆಸರನ್ನು ಬದಲಿಸಿದರೆ ಸಾಕು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಮಸೂದೆಗೂ ಇದೇ ಭಾಗ್ಯ ಒದಗಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಪಹಣಿಯಲ್ಲಿನ ಒಂದು ಅಕ್ಷರದೋಷವನ್ನು ಮೂರು ದಿನಗಳಲ್ಲಿ ತಿದ್ದಿಸಿಕೊಳ್ಳಲಾಗದ ದೇಶದಲ್ಲಿ ಒಂದಿಡೀ ಕಾನೂನು ಅಷ್ಟರೊಳಗೆ ಹುಟ್ಟಿ ನಾಮಕರಣವನ್ನೂ ಮುಗಿಸಿಕೊಂಡಿತೆಂದರೆ ನಾವು ಹೆಮ್ಮೆಪಡಲೇಬೇಕು.

ಈ ಸಾಧನೆಯ ಬಹುಪಾಲು ಶ್ರೇಯಸ್ಸು ಪೀಠದಲ್ಲಿ ಕುಳಿತವರ ಕಿವಿಗಳಿಗೆ ಸಲ್ಲಬೇಕು. ಎದುರಿಗೆ ಭಿತ್ತಿಪತ್ರ ಹಿಡಿದವರು ಕೂಗುತ್ತಿರುತ್ತಾರೆ, ಆಡಳಿತ ಪಕ್ಷದವರು ಅದಕ್ಕೂ ಜೋರಾಗಿ ಮೇಜು ಕುಟ್ಟುತ್ತಿರುತ್ತಾರೆ, ಆದರೂ ಆ ಸಂತೆಯೊಳಗಿಂದ ‘ಹೌದು’ಗಳನ್ನೂ ‘ಇಲ್ಲ’ಗಳನ್ನೂ ಬೇರ್ಪಡಿಸಿ, ತೂಗಿ, ‘ಹೌದು ಎನ್ನುವವರೇ ಹೆಚ್ಚು’ ಎಂದು ಧ್ವನಿಮತದಲ್ಲಿ ನಿರ್ಣಯಿಸುವುದು ಸಾಮಾನ್ಯ ಶ್ರವಣಶಕ್ತಿಯ ಕೆಲಸವಲ್ಲ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ರಾಜ್ಯಸಭೆಗೆ ಬಂದಾಗ ವಿರೋಧ ಪಕ್ಷದವರು ಮತಗಳನ್ನು ಎಣಿಸಿ ಎಂದು ಕೇಳಿದರು. ಎಣಿಕೆ ನಡೆಯಲಿಲ್ಲ; ಕೇಳಿದ ಸದಸ್ಯರು ತಮ್ಮ ಸ್ಥಾನದಲ್ಲಿರಲಿಲ್ಲ ಎಂಬುದು ಪೀಠದ ವಿವರಣೆಯಾಯಿತು. ‘ಹೌದು’ ಎಲ್ಲಿಂದ ಬಂದರೂ ಕೇಳಿಸುತ್ತದೆ. ‘ಎಣಿಸಿ’ ಎಂಬುದು ಮಾತ್ರ ಸರಿಯಾದ ಕುರ್ಚಿಯಿಂದಲೇ ಬರಬೇಕು. ಮುಂದಿನ ವರ್ಷ ನವೆಂಬರ್ 29ರಂದು ಅವೇ ಕಾನೂನುಗಳನ್ನು ಎರಡೂ ಸದನಗಳು ಒಂದೇ ದಿನ, ಚರ್ಚೆಯಿಲ್ಲದೆ ರದ್ದುಪಡಿಸಿದವು. ಬರುವಾಗ ಎಣಿಕೆಯಿಲ್ಲ, ಹೋಗುವಾಗ ಚರ್ಚೆಯಿಲ್ಲ.

ಇನ್ನು ಹಿರಿಯರ ಮನೆಯಾದ ರಾಜ್ಯಸಭೆಯ ವಿಷಯ. ಲೋಕಸಭೆ ಆತುರದಲ್ಲಿ ಮಾಡಿದ್ದನ್ನು ರಾಜ್ಯಗಳ ಪ್ರತಿನಿಧಿಗಳು ನಿಧಾನವಾಗಿ ಪರಿಶೀಲಿಸಲಿ ಎಂಬುದು ಎರಡನೆಯ ಸದನದ ಉದ್ದೇಶ. ಆ ಪ್ರತಿನಿಧಿ ಆಯಾ ರಾಜ್ಯದ ಮತದಾರನಾಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದುಹಾಕಲಾಯಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಗೂ ಮೊದಲೇ ವೆಂಕಯ್ಯ ನಾಯ್ಡು ಅವರನ್ನು, ಅನಂತರ ನಿರ್ಮಲಾ ಸೀತಾರಾಮನ್ ಅವರನ್ನು ದೆಹಲಿಗೆ ಕಳುಹಿಸಿಕೊಟ್ಟ ಕನ್ನಡಿಗರಿಗೆ ಈ ಔದಾರ್ಯದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಅತಿಥಿ ಸತ್ಕಾರದಲ್ಲಿ ನಮ್ಮ ವಿಧಾನಸಭೆ ಎಂದೂ ಹಿಂದೆ ಬಿದ್ದದ್ದಿಲ್ಲ.

ಈ ಹಿರಿಯರೂ ಒಮ್ಮೊಮ್ಮೆ ತಕರಾರು ತೆಗೆಯುವುದುಂಟು. ಅದಕ್ಕೆ ಮದ್ದು ಹಣಕಾಸು ಮಸೂದೆ (ಮನಿ ಬಿಲ್). ಸಂವಿಧಾನದ 110ನೇ ವಿಧಿಯಂತೆ ಲೋಕಸಭಾಧ್ಯಕ್ಷರು ಒಂದು ಮಸೂದೆಗೆ ಆ ಮುದ್ರೆ ಒತ್ತಿದರೆ, ರಾಜ್ಯಸಭೆ 14 ದಿನಗಳೊಳಗೆ ಸಲಹೆ ಕೊಡಬಹುದು, ಲೋಕಸಭೆ ಅದನ್ನು ಕಸದ ಬುಟ್ಟಿಗೆ ಹಾಕಬಹುದು. 2016ರಲ್ಲಿ ಆಧಾರ್ ಮಸೂದೆಗೆ ಈ ಮುದ್ರೆ ಬಿತ್ತು. ರಾಜ್ಯಸಭೆ ಐದು ತಿದ್ದುಪಡಿಗಳನ್ನು ಸೂಚಿಸಿತು. ಅಂದೇ ಲೋಕಸಭೆ ಐದನ್ನೂ ತಳ್ಳಿಹಾಕಿತು. ಬೆರಳಚ್ಚು, ಕಣ್ಣಿನ ಪಾಪೆಗಳೆಲ್ಲ ಹಣಕಾಸಿನ ಬಾಬತ್ತೆಂದು ನಾವು ತಿಳಿದುಕೊಂಡದ್ದು ಹೀಗೆ. ಎರಡು ವರ್ಷಗಳ ನಂತರ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಇದನ್ನು ಒಪ್ಪಿತು, ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರು ಮಾತ್ರ ಇದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಬರೆದರು.

ನಗುವುದಕ್ಕೂ ಒಂದು ಮಿತಿಯಿದೆ. 2023ರ ಡಿಸೆಂಬರ್‌ನಲ್ಲಿ, ಸಂಸತ್ ಭವನದ ಭದ್ರತಾಲೋಪದ ಬಗ್ಗೆ ಗೃಹ ಸಚಿವರು ಹೇಳಿಕೆ ಕೊಡಲಿ ಎಂದು ಪಟ್ಟುಹಿಡಿದದ್ದಕ್ಕೆ ಸಾಲುಸಾಲಾಗಿ ಸದಸ್ಯರನ್ನು ಹೊರಹಾಕಿ, ಆ ಅಧಿವೇಶನದ ಅಮಾನತಿನ ಲೆಕ್ಕವನ್ನು 146ಕ್ಕೆ ಮುಟ್ಟಿಸಿದರು. ಅದೇ ವಾರ ಮೂರು ಕ್ರಿಮಿನಲ್ ಕಾನೂನುಗಳು ಎರಡೂ ಸದನಗಳನ್ನು ದಾಟಿದವು. ಯಾರನ್ನು ಬಂಧಿಸಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾವುದು ಸಾಕ್ಷ್ಯ ಎಂದು ನಿರ್ಧರಿಸುವ ಕಾನೂನುಗಳವು. ಸದನದೊಳಗೆ ಕೂಗಾಡಿದವರೂ ಅವರನ್ನು ಹೊರದಬ್ಬಿದವರೂ ನಾಳೆ ಠಾಣೆಯ ಮೆಟ್ಟಿಲು ಹತ್ತಿದರೆ ಜೊತೆಗೆ ವಕೀಲರಿರುತ್ತಾರೆ; ಯಾವ ಸೆಕ್ಷನ್ ಹಾಕಿದ್ದಾರೆಂದು ಪೇದೆಯನ್ನೇ ಕೇಳಿ ತಿಳಿಯಬೇಕಾದವನ ಪರವಾಗಿ ಒಂದು ಪ್ರಶ್ನೆ ಕೇಳುವುದಕ್ಕೆಂದೇ ಅವರನ್ನು ಆರಿಸಿ ಕಳುಹಿಸಿದ್ದಲ್ಲವೇ? ಅದಷ್ಟೂ ಬೇಡವೆಂದಾದರೆ ಇಷ್ಟು ಕುರ್ಚಿಗಳೇಕೆ?

ಕಾನೂನಿನ ಪ್ರಕಾರ ಕೊರತೆಯೇನೂ ಆಗಿರಲಿಲ್ಲ. ಕೋರಂಗೆ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿಗೆ, ಸದನದ ಹತ್ತನೆಯ ಒಂದು ಭಾಗ ಸಾಕು: ಲೋಕಸಭೆಯಲ್ಲಿ 55 ಮಂದಿ, ರಾಜ್ಯಸಭೆಯಲ್ಲಿ 25.