ಹೇರ್‌ಸ್ಟೈಲ್ ನೋಡಿ ಕಳ್ಳನ್ನ ಹಿಡಿಯೋ ಸೈನ್ಸು

ರೌಡಿ ಪರೇಡ್ ವಿಡಿಯೋ ನೋಡಿರ್ತೀರ. ಸುಡೋ ಬಿಸಿಲಲ್ಲಿ ಮೈದಾನದ ತುಂಬ ಸಾಲಾಗಿ ಕೂರಿಸಿರ್ತಾರೆ, ಸಾಹೇಬ್ರು ಒಬ್ಬೊಬ್ಬರನ್ನೇ ಎಬ್ಬಿಸಿ "ಏನೋ ಇದು ಕೂದ್ಲು, ನಾಳೆನೇ ಕಟಿಂಗ್ ಮಾಡಿಸ್ಕೊಂಡು ಬರ್ಬೇಕು", "ಕತ್ತಲ್ಲಿ ಏನೋ ಅದು, ಚೇಳಾ?" ಅಂತ ಗದರ್ತಿರ್ತಾರೆ, ಎದುರಿಗೆ ನಾಲ್ಕು ಚಾನಲ್ ಮೈಕು. ಕೇಸ್ ಏನಾಯ್ತು ಅಂತ ಕೇಳೋದು ಆಮೇಲೆ. ನಗ್ಬೇಡಿ, ಇದರ ಹಿಂದೆ ದೊಡ್ಡ ಸೈನ್ಸ್ ಇದೆ, ಇಟಲಿ ಮಾಲು.

ಚೆಸಾರೆ ಲೊಂಬ್ರೋಸೋ ಅಂತ ಒಬ್ಬ ಡಾಕ್ಟ್ರು. ಕಳ್ಳತನಕ್ಕೆ ಜೈಲಿಗೆ ಹೋಗಿದ್ದ ವಿಲ್ಲೆಲ್ಲ ಅನ್ನೋ ಬಡಪಾಯಿಯ ತಲೆಬುರುಡೆ ಸಿಕ್ತು, ಅದರ ಹಿಂಭಾಗದಲ್ಲಿ ಒಂದು ಸಣ್ಣ ತಗ್ಗು. ಅಷ್ಟೇ. ಒಂದಿಡೀ ಶಾಸ್ತ್ರ ಹೋಗಿ ಆ ತಗ್ಗಲ್ಲಿ ಬಿತ್ತು. 1876ರಲ್ಲಿ ಪುಸ್ತಕ ಬರೆದ, ಹುಟ್ಟಾ ಕ್ರಿಮಿನಲ್‌ಗಳು ಅಂತ ಬೇರೆನೇ ಒಂದು ತಳಿ ಇದೆ, ವಿಕಾಸದ ಬಸ್ ಮಿಸ್ ಮಾಡ್ಕೊಂಡೋರು, ಗುರುತು ಏನಪ್ಪಾ ಅಂದ್ರೆ ದಪ್ಪ ದವಡೆ, ಮೊರದಂಥ ಕಿವಿ, ಉದ್ದ ಕೈ, ಕುರುಚಲು ಗಡ್ಡ, ಎಡಚ ಆಗಿದ್ರಂತೂ ಅನುಮಾನನೇ ಬೇಡ, ಮೇಲೆ ಹಚ್ಚೆ. ಹುಟ್ಟು ಗುಣ ಸುಟ್ರೂ ಹೋಗಲ್ಲ ಅಂತ ನಮ್ಮೋರು ಒಂದು ಸಾಲಲ್ಲಿ ಮುಗಿಸಿದ್ದನ್ನ ಈಯಪ್ಪ ದಪ್ಪ ಮಾಡ್ಕೊಂಡು ಮಾಡ್ಕೊಂಡು ಐದು ಎಡಿಷನ್ ತಂದ.

ನಾನು ಕನ್ನಡಿ ಮುಂದೆ ನಿಂತು ಟಿಕ್ ಹಾಕ್ದೆ, ಆರಕ್ಕೆ ನಾಲ್ಕು, ಫಸ್ಟ್ ಕ್ಲಾಸು. ನಮ್ಮಜ್ಜಿಗೆ ಹಣೆ, ಗಲ್ಲ, ಮುಂಗೈ ತುಂಬ ಹಚ್ಚೆ ಇತ್ತು, ಅವಳು ಬದುಕಿಡೀ ಕದ್ದಿದ್ದು ಪಕ್ಕದ ಮನೆ ಬೇಲಿಯ ದಾಸವಾಳ, ಅದೂ ದೇವರಿಗೆ.

1913ರಲ್ಲಿ ಚಾರ್ಲ್ಸ್ ಗೋರಿಂಗ್ ಅನ್ನೋ ಜೈಲ್ ಡಾಕ್ಟ್ರು ಇಂಗ್ಲೆಂಡಿನ ಸುಮಾರು 3000 ಕೈದಿಗಳ ಲೆಕ್ಕ ತೆಗೆದು, ಅಂಥ ಮುಖಲಕ್ಷಣದ ಕ್ರಿಮಿನಲ್ ಅಂತ ಯಾರೂ ಇಲ್ಲ ಕಣ್ರಯ್ಯಾ ಅಂದ. ಯಾರು ಕೇಳ್ಬೇಕು. ಲೊಂಬ್ರೋಸೋ ಅಷ್ಟರಲ್ಲಿ ಸತ್ತಿದ್ದ, ಅವನ ತಲೆ ಈಗ್ಲೂ ಟ್ಯೂರಿನ್ ಮ್ಯೂಸಿಯಂನಲ್ಲಿ ಗಾಜಿನ ಜಾಡಿಯೊಳಗಿದೆ, ವಿಲ್ಲೆಲ್ಲನ ಬುರುಡೆನೂ ಅಲ್ಲೇ. ಊರಿನೋರು ನಮ್ಮೋನ ಬುರುಡೆ ವಾಪಸ್ ಕೊಡಿ ಅಂತ ಕೋರ್ಟಿಗೂ ಹೋದ್ರು, ಸಿಗ್ಲಿಲ್ಲ.

ನಮ್ಮನ್ನಾಳ್ತಿದ್ದ ಬ್ರಿಟಿಷ್ರು ಇನ್ನೂ ಶಾಣ್ಯಾ, ಅಳತೆ ಟೇಪಿನ ಖರ್ಚೂ ಮಾಡ್ಲಿಲ್ಲ. ಲೊಂಬ್ರೋಸೋ ಪುಸ್ತಕಕ್ಕೆ ಐದು ವರ್ಷ ಮೊದ್ಲೇ, 1871ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಆಕ್ಟ್. ಬಡಗಿ ಮಗ ಬಡಗಿ ಆದಂಗೆ ಕಳ್ಳನ ಮಗ ಕಳ್ಳನೇ ಆಗ್ತಾನೆ ಅನ್ನೋದೇ ವಾದ. ತಗ್ಗು ಹುಡುಕೋದ್ಯಾಕೆ, ಜಾತಿ ಕೇಳಿದ್ರೆ ಆಯ್ತು. ಕೂಸು ತೊಟ್ಟಿಲಲ್ಲಿರೋವಾಗ್ಲೇ ಕ್ರಿಮಿನಲ್. ಹುಬ್ಬಳ್ಳಿಯಲ್ಲಿ ಗಂಟಿಚೋರರನ್ನ (ಹೆಸರಲ್ಲೇ ಚೋರ ಸೇರಿಸಿಟ್ಟಿದಾರೆ ನೋಡಿ), ಕೊರವರನ್ನ ತಂದು ಕೂಡಿಹಾಕಿದ್ರು, ದಿನಾ ಹಾಜರಿ, ಆಚೆ ಹೋಗ್ಬೇಕಂದ್ರೆ ಪಾಸು. ಆ ಏರಿಯಾಗೆ ಈಗ್ಲೂ ಸೆಟ್ಲಮೆಂಟ್ ಅಂತ್ಲೇ ಕರೀತಾರೆ. 1952ರಲ್ಲಿ ಕಾಯ್ದೆ ತೆಗೆದ್ರು, ಹುಟ್ಟಾ ಕಳ್ಳ ಮುಂಬಾಗಿಲಿಂದ ಆಚೆ ಹೋದ, ರೂಢಿಗತ ಅಪರಾಧಿ ಅನ್ನೋ ಹೆಸರಲ್ಲಿ ಹಿತ್ತಲಿಂದ ಒಳಗೆ ಬಂದ.

ಈಗ ಬುರುಡೆ ಔಟ್ ಆಫ್ ಫ್ಯಾಷನ್, ಜೀನ್ ಕಾಲ. 2009ರಲ್ಲಿ ಅದೇ ಇಟಲಿಯ ಟ್ರಿಯೆಸ್ಟೆಯಲ್ಲಿ ಒಬ್ಬ ಕೊಲೆ ಅಪರಾಧಿಯ ಎಂಎಓಎ ಅನ್ನೋ ಜೀನ್ ಸರಿ ಇಲ್ಲ, ಬೇಗ ಕೆರಳ್ತಾನೆ ಅಂತೆಲ್ಲ ರಿಪೋರ್ಟ್ ಬಂತು, ಅಪೀಲಲ್ಲಿ ಶಿಕ್ಷೆ ಒಂದು ವರ್ಷ ಕಮ್ಮಿ ಆಯ್ತು. ಹುಬ್ಬಳ್ಳಿಯಲ್ಲಿ ರಕ್ತದಲ್ಲೇ ಇದೆ ಅಂದ್ರೆ ಬೇಲಿ, ಟ್ರಿಯೆಸ್ಟೆಯಲ್ಲಿ ರಕ್ತದಲ್ಲೇ ಇದೆ ಅಂದ್ರೆ ಡಿಸ್ಕೌಂಟು.

ನನಗೆ ಇಷ್ಟವಾಗಿದ್ದು ಮಾತ್ರ ಶಾಂಘೈ ಕಥೆ. ಅಲ್ಲಿನ ಜಿಯಾವೋ ಟಾಂಗ್ ಯೂನಿವರ್ಸಿಟಿಯ ಇಬ್ಬರು 2016ರಲ್ಲಿ 1856 ಗಂಡಸರ ಫೋಟೋಗಳನ್ನ ಕಂಪ್ಯೂಟರಿಗೆ ತಿನ್ನಿಸಿ, ಮುಖ ನೋಡಿದ್ರೆ ಸಾಕು ಹತ್ತಿರ ಹತ್ತಿರ 90 ಪರ್ಸೆಂಟ್ ಕರೆಕ್ಟಾಗಿ ಕ್ರಿಮಿನಲ್ ಯಾರು ಅಂತ ಹೇಳುತ್ತೆ ಅಂದ್ರು. ಬೇರೆಯೋರು ಸ್ಯಾಂಪಲ್ ಫೋಟೋ ನೋಡಿದ್ರೆ, ಸಾಚಾ ಮಂದಿಯೆಲ್ಲ ಬಿಳಿ ಕಾಲರ್ ಅಂಗಿ ಹಾಕಿ ತುಟಿಯಂಚಲ್ಲಿ ಸಣ್ಣಗೆ ನಗ್ತಿದಾರೆ, ಕ್ರಿಮಿನಲ್‌ಗಳಿಗೆ ಕಾಲರೂ ಇಲ್ಲ ನಗುನೂ ಇಲ್ಲ. ಅಂದ್ರೆ ವೈಟ್ ಕಾಲರ್‌ನೋರು ಅಪರಾಧ ಮಾಡಲ್ಲ ಅಂತ ಯಾರೂ ಹೇಳಿಕೊಡದೇನೇ ಆ ಕಂಪ್ಯೂಟರ್ ಕಲ್ತುಬಿಟ್ಟಿತ್ತು ಅನ್ಸುತ್ತೆ.

ಅದಕ್ಕೇ ಮುಂದಿನ ಪರೇಡ್‌ಗೆ ಹೋಗೋ ಅಣ್ಣಂದಿರೆಲ್ಲ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು, ಸ್ವಲ್ಪ ನಕ್ಕೊಂಡು, ಎರಡೂ ಕೈ ಮುಗೀತಾ ಹೋಗಿ. ಸಾಹೇಬ್ರು ಎದ್ದು ಕುರ್ಚಿ ಕೊಟ್ರೂ ಕೊಟ್ರು.