ಹಸುವಿನ ಮುಂದೆ ಎಲ್‌ಬಿಡಬ್ಲ್ಯೂ

ನಮ್ಮ ಯಜಮಾನರನ್ನು ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಮುಗಿಯಿತು, ಪೀಠಿಕೆಯಿಂದ ಮಂಗಳದವರೆಗೆ ವಿವರಿಸದೆ ಬಿಡುವವರಲ್ಲ. ಊರಿನಲ್ಲಿದ್ದಾಗ ಕೇಳುವವರು ಒಲೆಯ ಮೇಲೆ ಹಾಲಿದೆ ಎಂದೋ ಬಸ್ಸಿಗೆ ಹೊತ್ತಾಯಿತು ಎಂದೋ ಎದ್ದು ಹೋಗುತ್ತಿದ್ದರು. ಅವರ ಕೆಲಸದ ಕಾರಣ ಚೀನಾದ ಹಾಂಗ್‌ಝೌಗೆ ಬಂದ ಮೇಲೆ ಪರಿಸ್ಥಿತಿ ಬಿಗಡಾಯಿಸಿತು. ಇಲ್ಲಿಯ ನೆರೆಹೊರೆಯವರು ಮರ್ಯಾದೆಗೆ ಕಟ್ಟುಬಿದ್ದು ಕೂತೇ ಇರುತ್ತಾರೆ.

ಹಾಗೆ ಸಿಕ್ಕಿಬಿದ್ದವರಲ್ಲಿ ಮೇಲಂತಸ್ತಿನ ಮೇಷ್ಟರು ಮೊದಲಿಗರು. ಶಾಲೆಯಲ್ಲಿ ಚೀನೀ ಸಾಹಿತ್ಯ ಕಲಿಸಿ ನಿವೃತ್ತರಾದವರು. ಎದುರಿಗೆ ಅವರನ್ನು ಇಲ್ಲಿಯ ರೂಢಿಯಂತೆ ‘ಲಾವ್‌ಶಿ’ ಎನ್ನುತ್ತೇವೆ, ಮನೆಯೊಳಗೆ ಮೇಷ್ಟರು. 2023ರ ಏಷ್ಯನ್ ಕ್ರೀಡಾಕೂಟ ಇದೇ ಊರಿನಲ್ಲಿ ನಡೆದು, ಭಾರತದ ಮಹಿಳೆಯರೂ ಪುರುಷರೂ ಕ್ರಿಕೆಟ್‌ನಲ್ಲಿ ಚಿನ್ನ ಗೆದ್ದಾಗ ಅಭಿನಂದನೆ ಹೇಳಲು ಬಂದರು. ಹೇಳಿ ಹೊರಟಿದ್ದರೆ ಬಚಾವಾಗುತ್ತಿದ್ದರು. ಎಷ್ಟರ ಅಂತರದಲ್ಲಿ ಗೆದ್ದಿರಿ ಎಂದು ಕೇಳಿಬಿಟ್ಟರು.

ಮಹಿಳೆಯರ ಲೆಕ್ಕ ಸುಲಭ, ಶ್ರೀಲಂಕಾದ ಮೇಲೆ 19 ರನ್. ಪುರುಷರದ್ದೇ ಪೇಚಾಟ.

“ಅಫ್ಘಾನಿಸ್ತಾನ 18.2 ಓವರ್‌ಗಳಲ್ಲಿ ಐದು ವಿಕೆಟ್‌ಗೆ 112 ರನ್ ಮಾಡಿತ್ತು. ಮಳೆ ಬಂತು.”

“ನೀವು ಎಷ್ಟು ಮಾಡಿದಿರಿ?”

“ನಾವು ಬ್ಯಾಟ್ ಹಿಡಿಯಲೇ ಇಲ್ಲ.”

“ಮತ್ತೆ ಗೆದ್ದವರು?”

“ನಾವೇ. ನಮ್ಮ ಶ್ರೇಯಾಂಕ ಮೇಲಿತ್ತು.”

“ಆಟ ಶುರುವಾಗುವ ಮೊದಲೇ ಮೇಲಿತ್ತೇ?”

“ಹೌದು.”

“ಹಾಗಿದ್ದರೆ ಆಡಿದ್ದೇಕೆ?”

ನನ್ನ ಮಟ್ಟಿಗೆ ಇದು ಆ ವಿಷಯದ ಕೊನೆಯ ಮಾತು. ಯಜಮಾನರಿಗೆ ಮಾತ್ರ ಇದರಲ್ಲಿ ಜ್ಞಾನದಾಹ ಕಾಣಿಸಿತು. ಫ್ಲಾಸ್ಕನ್ನು ಸ್ಟಂಪ್ ಎಂದು ನಿಲ್ಲಿಸಿ, ಛತ್ರಿಯನ್ನು ಬ್ಯಾಟ್ ಮಾಡಿಕೊಂಡು, ನನ್ನ ಕೈಗೆ ಒಂದು ಕಿತ್ತಳೆ ಕೊಟ್ಟು, ಸ್ಟಂಪಿಗೆ ಹೋಗುವ ಚೆಂಡನ್ನು ಕಾಲು ತಡೆದರೆ ಔಟೆನ್ನುವ ಎಲ್‌ಬಿಡಬ್ಲ್ಯೂಗೇ ನೇರವಾಗಿ ಇಳಿದರು. ಚೆಂಡು ಲೆಗ್ ಸ್ಟಂಪಿನ ಹೊರಗೆ ಪುಟಿದರೆ ಔಟಿಲ್ಲ. ಆಫ್ ಸ್ಟಂಪಿನ ಹೊರಗೆ ಕಾಲಿಗೆ ಬಡಿದರೆ, ಹೊಡೆಯಲು ಯತ್ನಿಸಿದವನು ಔಟಿಲ್ಲ, ಸುಮ್ಮನೆ ಕಾಲು ಚಾಚಿದವನು ಔಟಾಗಬಹುದು. ಮೇಷ್ಟರು ಗಾಜಿನ ಲೋಟದಲ್ಲಿ ತೇಲುತ್ತಿದ್ದ ಲುಂಗ್‌ಚಿಂಗ್ ಚಹಾದ ಎಲೆಗಳನ್ನು ಊದಿ ಬದಿಗೆ ಸರಿಸುತ್ತಾ ತಲೆಯಾಡಿಸಿದರು. ನಾನು ಎಸೆದೆ. ಕಿತ್ತಳೆ ಯಜಮಾನರ ಮೊಣಕಾಲಿಗೆ ಬಡಿದು ಚಿಮ್ಮಿ ನೆಟ್ಟಗೆ ಆ ಲೋಟಕ್ಕೇ ಹೋಗಿ ಬಿತ್ತು. ಅಂಗಿಯ ಕಾಲರಿಗೆ ಅಂಟಿದ ಚಹಾದ ಎಲೆಯನ್ನು ತೆಗೆಯುತ್ತಾ ಮೇಷ್ಟರು ಕೇಳಿದರು: “ಇದು ಔಟೇ?”

“ಇಲ್ಲ ಲಾವ್‌ಶಿ, ಲೆಗ್ ಸ್ಟಂಪಿನ ಹೊರಗೆ ಪುಟಿದಿತ್ತು.”

ಆಗ ಅವರು ಆಡಿದ್ದು ನಾಲ್ಕೇ ಅಕ್ಷರ: ‘ದುಯಿ ನ್ಯೂ ಥಾನ್ ಛಿನ್’. ಹಸುವಿನ ಎದುರು ಛಿನ್ ಎಂಬ ತಂತಿವಾದ್ಯ ನುಡಿಸಿದಂತೆ. ಇಲ್ಲಿಯವರು ತಮ್ಮನ್ನು ತೋರಿಸಿಕೊಳ್ಳುವಾಗ ಎದೆಯನ್ನಲ್ಲ, ಮೂಗನ್ನು ತೋರಿಸುತ್ತಾರೆ. ಮೇಷ್ಟರು ಮೂಗಿನ ಮೇಲೆ ಬೆರಳಿಟ್ಟು “ಹಸು ನಾನು” ಎಂದರು.

ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಅದು ಕೋಣ, ವಾದ್ಯ ಕಿನ್ನರಿ ಎಂದು ಹೇಳಿದ್ದೇ ತಡ, ಮೇಷ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಇನ್ನು ವಿವರಿಸುವ ಸರದಿ ಅವರದು.

ಕಥೆ ಬರುವುದು ಹಾನ್ ವಂಶದ ಕೊನೆಗಾಲದವನೆನ್ನುವ ಮೌಜಿಯ ಹೆಸರಿನ ಗ್ರಂಥದಲ್ಲಿ. ಮೌಜಿ ಬುದ್ಧನ ಪಕ್ಷದವನು. ಕನ್‌ಫ್ಯೂಷಿಯಸ್ ಪಂಥದವರು ಅವನನ್ನು ಕೆಣಕಿದರು: ನಿನ್ನ ಸೂತ್ರಗಳು ಅಷ್ಟು ಘನವಾದರೆ ಅವುಗಳನ್ನು ಬಿಟ್ಟು ನಮ್ಮ ಗ್ರಂಥಗಳಿಂದಲೇ ಏಕೆ ಉದಾಹರಣೆ ಕೊಡುತ್ತೀಯೆ? ನಿಮಗೆ ತಿಳಿದಿರುವುದು ಅವೇ, ಅದಕ್ಕೆ ಎಂದ ಮೌಜಿ, ಗೊಂಗ್‌ಮಿಂಗ್ ಯಿ ಎಂಬ ವಾದಕನ ಕಥೆ ತೆಗೆದ. ಅವನು ಹಸುವಿನ ಮುಂದೆ ಕೂತು ‘ಛಿಂಗ್‌ಚ್ಯಾವ್’ ಎಂಬ ಘನವಾದ ರಾಗ ನುಡಿಸಿದ. ಹಸು ತಲೆಯೆತ್ತದೆ ಮೇಯುತ್ತಲೇ ಇತ್ತು. (ಏಳು ತಂತಿಯ ಈ ಛಿನ್‌ಗೆ 2003ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿದೆ, ಆದರೆ ಅದರ ದನಿ ಎಷ್ಟು ಮೆಲುವೆಂದರೆ ಎದುರಿನ ಕುರ್ಚಿಯಲ್ಲಿ ಕೂತವರೇ ಕಿವಿಗೊಡಬೇಕು.) ಆಮೇಲೆ ಅವನು ತಂತಿಯ ಮೇಲೆ ಸೊಳ್ಳೆ, ನೊಣಗಳ ಗುಂಯ್‌ಗುಡುವಿಕೆಯನ್ನೂ ತಾಯಿಯನ್ನು ಅಗಲಿದ ಕರುವಿನ ಕೂಗನ್ನೂ ಎಬ್ಬಿಸಿದ. ತಕ್ಷಣ ಹಸು ಬಾಲ ಬೀಸಿ, ಕಿವಿ ನಿಮಿರಿಸಿ, ಅತ್ತಿತ್ತ ಹೆಜ್ಜೆ ಹಾಕುತ್ತಾ ಆಲಿಸತೊಡಗಿತು.

ಎದುರಿಗಿದ್ದ ಪಂಡಿತರನ್ನು ಹಸುಗಳೆಂದು ಕರೆದೂ ಕರೆಯದಂತೆ ಮೌಜಿ ಪಾರಾದ. ಆದರೆ ಈ ಉತ್ತರಾರ್ಧವನ್ನು ಚೀನೀಯರೇ ಮರೆತಂತಿದೆ. ತಿಳಿಯದವನಿಗೆ ಹೇಳಿ ಬಾಯಿ ನೋಯಿಸಿಕೊಂಡಾಗ ಗೊಣಗಲಿಕ್ಕೆ ಪೂರ್ವಾರ್ಧವೇ ಅವರಿಗೆ ಸಾಕು. ನಾವಾದರೂ ಏನು? ನಮ್ಮ ಗಾದೆಯ ಕಿನ್ನರಿಯವನು ಕೋಣಕ್ಕೆ ಬೇರೇನಾದರೂ ಬೇಕಿತ್ತೇ ಎಂದು ವಿಚಾರಿಸಿದ ದಾಖಲೆಯಿಲ್ಲ. ವಾದ್ಯವನ್ನು ಬಗಲಿಗೇರಿಸಿ ಮನೆಗೆ ಹೋಗಿ ಗಾದೆ ಕಟ್ಟಿದ. ಅಂದಿನಿಂದ ತಪ್ಪೆಲ್ಲ ಕೋಣನದೇ.

ಈ ನಾಲ್ಕಕ್ಷರವನ್ನು ಬಳಸುವಾಗ ಹಸು ಯಾರು ಎನ್ನುವುದನ್ನು ನೋಡಿಕೊಳ್ಳಬೇಕು. ಕೇಳುವವನು ತನಗೇ ಹೇಳಿಕೊಂಡರೆ ವಿನಯ, ಹೇಳುವವನು ಕೇಳುವವನಿಗೆ ಅಂದರೆ ಬೈಗುಳ. ಯಜಮಾನರು ಇದನ್ನು ವಿನಯದ ಮಾತೆಂದಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಕಚೇರಿಗೆ ಹೋದರು. ಸಭೆಯಲ್ಲಿ ಉದ್ದನೆಯ ವರದಿ ಓದಿ ಮುಗಿಸಿ, ನನ್ನ ಮಾತು ಅಷ್ಟೇನೂ ಚೆನ್ನಾಗಿರಲಿಲ್ಲ ಎನ್ನುವ ಭಾವದಲ್ಲಿ, “ಇಷ್ಟು ಹೊತ್ತು ಹಸುವಿನ ಮುಂದೆ ಛಿನ್ ನುಡಿಸಿದೆ, ಕ್ಷಮಿಸಿ” ಎಂದು ಕೈಮುಗಿದರಂತೆ. ಮೇಲಧಿಕಾರಿ ಏನೂ ಅನ್ನಲಿಲ್ಲ. ತಮ್ಮ ಚಹಾದ ಫ್ಲಾಸ್ಕಿನ ಮುಚ್ಚಳವನ್ನು ಅಗತ್ಯಕ್ಕಿಂತ ಬಿಗಿಯಾಗಿ ತಿರುಗಿಸಿದರಂತೆ.

ಮೇಷ್ಟರ ವಿಷಯದಲ್ಲಿ ಸೊಳ್ಳೆಯ ದನಿ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿ ರೂಪಾಯಿಗೆ ಹೋದ ಸುದ್ದಿಯನ್ನು ಯಜಮಾನರು ಲಿಫ್ಟಿನಲ್ಲಿ ಹೇಳಿದರು. ಇಲ್ಲಿ ಲೆಕ್ಕವೆಲ್ಲ ಹತ್ತು ಸಾವಿರದ ‘ವಾನ್’ನಲ್ಲಿ, ಕೋಟಿಯೆಂದರೆ ಸಾವಿರ ವಾನ್. ಮೇಷ್ಟರು ಮೊಬೈಲ್ ತೆಗೆದು ಯುವಾನ್‌ಗೆ ಇಳಿಸಿದರು. ಎರಡು ಸಾವಿರ ವಾನ್ ದಾಟಿದ್ದನ್ನು ನೋಡಿ, ತಮ್ಮ ಅಂತಸ್ತು ಬಂದರೂ ಇಳಿಯದೆ ನಮ್ಮೊಡನೆ ಮತ್ತೆ ಕೆಳಗೆ ಬಂದರು. ಪೂರ್ತಿ ಹಣ ಒಟ್ಟಿಗೇ ಕೊಡುತ್ತಾರೆಯೇ? ಗಾಯವಾದರೆ? ತೆರಿಗೆ ಯಾರದು?

ಈಗ ಭಾನುವಾರದ ಸಂಜೆ ಮೊಮ್ಮಗನನ್ನೂ ಕರೆತರುತ್ತಾರೆ. ಯಜಮಾನರು ಛತ್ರಿ ಎತ್ತಿಕೊಂಡು ಲೆಗ್ ಸ್ಟಂಪ್ ಎಂದು ಶುರುಮಾಡಿದರೆ, “ಅದೆಲ್ಲ ನಿಧಾನಕ್ಕೆ ಕಲಿಯುತ್ತಾನೆ, ಹರಾಜಿಗೆ ಹೆಸರು ಕೊಡುವುದು ಯಾವ ವಯಸ್ಸಿನಿಂದ, ಅದನ್ನು ಮೊದಲು ಹೇಳಿ” ಎನ್ನುತ್ತಾರೆ.